ಕೈಯಿಂದ ಕೈಗೆ ಬಂದ ಸಮಾಧಾನ

ನಮ್ಮ ಚರ್ಚಿನ ಸಭೆಯಲ್ಲಿ ದೇವರ ಸಮಾಧಾನವನ್ನು ಬಾಯಲ್ಲಿ ಹೇಳಿ ಮುಗಿಸುವುದಿಲ್ಲ, ಕೈಯಿಂದ ಕೈಗೆ ಕೊಡುತ್ತೇವೆ. ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೆ ಮುಂಚೆ ನಮ್ಮ ಪಾದ್ರಿ ಅಯ್ಯನವರು ಕೆಳಗಿಳಿದು ಬಂದು, ಮೊದಲ ಬೆಂಚಿನ ಅಂಚಿನಲ್ಲಿ ಕೂತವರ ಬಲ ಅಂಗೈಗೆ ತಮ್ಮ ಬಲ ಅಂಗೈ ತಾಗಿಸುತ್ತಾರೆ; ಇಬ್ಬರೂ ಎಡಗೈಯನ್ನು ಅದರ ಮೇಲೆ ಮುಚ್ಚುತ್ತಾರೆ. ಪಡೆದವರು ಪಕ್ಕದವರಿಗೆ ಕೊಡಬೇಕು, ಅವರು ತಮ್ಮ ಪಕ್ಕದವರಿಗೆ. ಹೀಗೆ ಬೆಂಚಿನಿಂದ ಬೆಂಚಿಗೆ ದಾಟಿ, ಬಾಗಿಲ ಬಳಿ ಮಗು ಎತ್ತಿಕೊಂಡು ನಿಂತ ತಾಯಿಯವರೆಗೂ ಅದು ಹೋಗುತ್ತದೆ. ಕೊನೆಗೆ ಉಳಿಯುವುದು ಆರ್ಗನ್ ನುಡಿಸುವವರು, ಏಕೆಂದರೆ ಅವರ ಕೈಗೆ ಬಿಡುವಿರುವುದಿಲ್ಲ. ಹಾಡು ಮುಗಿದ ಮೇಲೆ ಮೂರನೆಯ ಬೆಂಚಿನಿಂದ ಒಬ್ಬರು ಎದ್ದು ಹೋಗಿ ಅವರಿಗೆ ಕೊಟ್ಟು ಬರಬೇಕು. ಬಹಳ ವರ್ಷ ಆ ಕೆಲಸ ನನ್ನದಾಗಿತ್ತು. ನಾನು ಕಂಡಂತೆ ಆ ಸಮಾಧಾನ ನಡುದಾರಿಯಲ್ಲಿ ನಿಂತುಹೋದದ್ದು ಒಂದೇ ಒಂದು ಸಲ. ನಿಲ್ಲಿಸಿದವಳು ನಾನು.

ಆಗ ನಾನು ಮಿಷನ್ ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾಗಿ ನಾಲ್ಕು ವರ್ಷವಾಗಿತ್ತು. ಊರಿನ ಅರ್ಧ ಹೆಂಗಸರು ನನ್ನ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರು. ಹಾಗಾಗಿ ಸಭೆಯಲ್ಲೂ ನಾನು ಎಲ್ಲರಿಗೂ 'ಮಿಸ್'. ಆರ್ಗನ್ ನುಡಿಸುತ್ತಿದ್ದ ಯೂನಿಕೆ ಸಹ ನನ್ನ ಶಿಷ್ಯೆಯೇ. ತೆಳ್ಳಗಿನ, ಮಾತು ಕಡಿಮೆಯ ಹುಡುಗಿ. ಕಾಲಲ್ಲಿ ತುಳಿಯುತ್ತಾ ನುಡಿಸುವ ಆ ಹಳೆಯ ಪೆಟ್ಟಿಗೆಯಿಂದ ಅವಳು ತೆಗೆಯುತ್ತಿದ್ದ ನಾದ ಕೇಳಿದರೆ ನನ್ನಂಥ ಜಗಮೊಂಡಿಗೂ ಹಾಡುವುದು ಮರೆತುಹೋಗುತ್ತಿತ್ತು. ಅವಳ ಮದುವೆ ಆಮೋಸ್ ಎಂಬ ಪಕ್ಕದೂರಿನ ಹುಡುಗನ ಜೊತೆ ಗೊತ್ತಾದಾಗ ನನ್ನ ಮಗಳ ಮದುವೆಯೇ ಎಂಬಷ್ಟು ಹಿಗ್ಗಿದ್ದೆ.

ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಪ್ರಕಟಣೆ ಓದಬೇಕು. ಮೊದಲ ಭಾನುವಾರ ಅಯ್ಯನವರು ಕನ್ನಡಕ ಏರಿಸಿಕೊಂಡು ಓದಿದರು. ಹುಡುಗನ ಹೆಸರು, ಹುಡುಗಿಯ ಹೆಸರು, ಆಮೇಲೆ ಆ ಹಳೆಯ ಮಾತು: "ಈ ವಿವಾಹಕ್ಕೆ ಯಾವುದಾದರೂ ಅಡ್ಡಿ ಇದೆಯೆಂದು ಬಲ್ಲವರು ತಿಳಿಸಬೇಕು. ಇದು ಮೊದಲನೆಯ ಪ್ರಕಟಣೆ." ಓದಿ ಒಂದು ಉಸಿರಿನಷ್ಟು ಹೊತ್ತು ತಡೆದರು. ಇನ್ನೂರು ಜನ ಕೂತ ಕಡೆ ಫ್ಯಾನಿನ ಕಿರುಗುಟ್ಟುವಿಕೆ ಬಿಟ್ಟರೆ ಸದ್ದಿಲ್ಲ. ಯೂನಿಕೆ ಆರ್ಗನ್ನಿನ ಕೀಲಿಮಣೆಯನ್ನೇ ನೋಡುತ್ತಾ ಕೂತಿದ್ದಳು, ಕಿವಿಯವರೆಗೂ ಕೆಂಪಾಗಿದ್ದಳು. ಆ ದಿನ ಸಮಾಧಾನ ಕೊಡಲು ಹೋದಾಗ ಅವಳ ಅಂಗೈ ಬೆವೆತಿತ್ತು. "ಯಾರೂ ಏನೂ ಅನ್ಲಿಲ್ಲ ಅಲ್ವಾ ಮಿಸ್?" ಎಂದು ಪಿಸುಗುಟ್ಟಿದಳು. "ಅನ್ನೋಕೆ ಏನಿದೆಯೇ ಹುಚ್ಚಿ?" ಎಂದು ನಕ್ಕೆ.

ಅನ್ನುವವರಿಗೆ ಏನಾದರೂ ಇದ್ದೇ ಇರುತ್ತದೆ. ಎರಡೇ ದಿನ. ಸಭೆಯ ಹೆಸರಿನಲ್ಲಿ ಯುವಕರು ಮೊಬೈಲಿನಲ್ಲಿ ನಡೆಸುತ್ತಿದ್ದ ಪೇಜೊಂದಿತ್ತು; ಅದರಲ್ಲಿ ಹಾಡು, ಹಬ್ಬದ ಫೋಟೋ, ಸಾವಿನ ಸುದ್ದಿ ಬರುತ್ತಿದ್ದವು. ನಾನದನ್ನು ನೋಡಿದವಳಲ್ಲ, ನನ್ನದು ಗುಂಡಿ ಒತ್ತುವ ಹಳೆಯ ಫೋನು. ಬುಧವಾರ ಬೆಳಿಗ್ಗೆ ಯೂನಿಕೆ ನಮ್ಮ ಮನೆಗೆ ಬಂದಳು. ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದು ಕೂತು, ತನ್ನ ಫೋನನ್ನು ನನ್ನ ಕೈಗಿಟ್ಟಳು.

'ಸತ್ಯದ ಸಾಕ್ಷಿ' ಎಂದು ಹೆಸರಿಟ್ಟುಕೊಂಡ ಯಾರೋ ಬರೆದಿದ್ದರು. ಹೆಸರಿನ ಪಕ್ಕದಲ್ಲಿ ಮುಖವಿಲ್ಲ, ಉರಿಯುವ ದೀಪದ ಚಿತ್ರ. 'ದೇವರ ಮನೆಯಲ್ಲಿ ಆರ್ಗನ್ ನುಡಿಸುವ ಸಹೋದರಿ ಆ ಒಂದು ವರ್ಷ ಎಲ್ಲಿದ್ದರು? ಬಲ್ಲವರು ಹೇಳಲಿ.' ಅಷ್ಟೇ. ಅದರ ಕೆಳಗೆ ಶುರುವಾಗಿತ್ತು ನೋಡಿ ಜಾತ್ರೆ. ಒಬ್ಬರು 'ನಮಗೂ ಆಗಲೇ ಅನುಮಾನ ಇತ್ತು' ಎಂದರೆ ಇನ್ನೊಬ್ಬರು 'ಮಗು ಈಗ ಎಲ್ಲಿದೆಯಂತೆ?' ಎಂದು ಕೇಳಿದ್ದರು. ಮತ್ತೊಬ್ಬ ಪುಣ್ಯಾತ್ಮ 'ಪಾಪಿಗಾಗಿ ಪ್ರಾರ್ಥಿಸೋಣ' ಎಂದು ಬರೆದು ಕೈಮುಗಿದ ಚಿತ್ರ ಹಾಕಿದ್ದ. ಯಾರೋ ಅವಳು ನುಡಿಸುತ್ತಾ ಕೂತ ಫೋಟೋವನ್ನೂ ಅಂಟಿಸಿದ್ದರು. ಅವಳ ಸ್ವಂತ ನಂಬರಿಗೆ ಗುರುತಿಲ್ಲದವರಿಂದ ನಲವತ್ತಕ್ಕೂ ಹೆಚ್ಚು ಸಂದೇಶ ಬಂದಿದ್ದವು. ಮೂರನ್ನು ಓದಿದೆ, ನಾಲ್ಕನೆಯದಕ್ಕೆ ಫೋನನ್ನು ಮೇಜಿನ ಮೇಲಿಟ್ಟೆ. ಗಂಡಸರು ಒಂಟಿ ಹೆಣ್ಣಿಗೆ ಅಂಥ ಮಾತು ಬರೆದು, ಆಮೇಲೆ ಹೆಂಡತಿ ಬಡಿಸಿದ ಊಟ ಹೇಗೆ ಮಾಡುತ್ತಾರೋ ನನಗಿನ್ನೂ ಅರ್ಥವಾಗಿಲ್ಲ.

ಆ ಒಂದು ವರ್ಷದ ಸಂಗತಿ ನನಗೆ ಗೊತ್ತಿತ್ತು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ತಂದೆ ತೀರಿಕೊಂಡಾಗ ಯೂನಿಕೆ ಊಟ ಬಿಟ್ಟಳು, ಮಾತು ಬಿಟ್ಟಳು. ಮೂರು ತಿಂಗಳು ಮನಸ್ಸಿನ ಕಾಯಿಲೆಯ ಆಸ್ಪತ್ರೆಯಲ್ಲಿದ್ದು, ಉಳಿದ ದಿನ ಸೋದರತ್ತೆಯ ಊರಿನಲ್ಲಿ ಇದ್ದು ಚೇತರಿಸಿಕೊಂಡು ಬಂದಳು. ಅಷ್ಟೇ ಆದದ್ದು. ಅವಳ ತಾಯಿ ದಯಾವತಿ ಅದನ್ನು ಯಾರ ಬಳಿಯೂ ಬಾಯಿ ಬಿಟ್ಟವಳಲ್ಲ. ಪ್ರಕಟಣೆಗೆ ಮುಂಚಿನ ವಾರ ನನ್ನ ಬಳಿ ಅತ್ತುಕೊಂಡು ಹೇಳಿ, "ಪ್ರಾರ್ಥನೆಲಿ ಇಟ್ಕೊಳಿ ಮಿಸ್" ಎಂದಿದ್ದಳು.

"ಆಮೋಸ್‌ಗೆ ಈ ವಿಷಯ ಗೊತ್ತಾ?" ಎಂದು ಯೂನಿಕೆಯನ್ನು ಕೇಳಿದೆ.

"ಮೊದಲನೇ ಸಲ ನೋಡೋಕೆ ಬಂದಾಗ್ಲೇ ನಾನೇ ಹೇಳಿದೀನಿ. ಆಸ್ಪತ್ರೆ ಚೀಟಿನೂ ತೋರಿಸಿದೀನಿ. ಅವರಿಗೆ ಅದೇನೂ ದೊಡ್ಡದಲ್ಲ. ಅವರಮ್ಮನಿಗೂ ಗೊತ್ತು." ಆಮೇಲೆ, "ಆದ್ರೆ ಇದನ್ನ ಓದಿದ ಮೇಲೆ ಅವರಮ್ಮ ಫೋನ್ ಮಾಡಿದ್ರು. ಇನ್ನೂ ಎರಡು ಪ್ರಕಟಣೆ ಇದೆಯಲ್ಲ, ನೋಡೋಣ ಅಂದ್ರು. ನೋಡೋಣ ಅಂದ್ರೇನು ಮಿಸ್?" ಎಂದಳು.

ಅವಳ ಬದುಕು ಆ 'ನೋಡೋಣ'ದಲ್ಲಿ ತೂಗುತ್ತಿತ್ತು. ನನಗೆ ಮೈಯೆಲ್ಲ ಉರಿಯಿತು.

"ಇದನ್ನ ಮಾಡಿದೋರು ಮನುಷ್ಯರಾ? ನಮ್ಮೊಳಗಿನವರೇ ಯಾರೋ. ಹೊರಗಿನವರಿಗೆ ಆ ವರ್ಷದ ವಿಷಯ ಹೇಗೆ ಗೊತ್ತಾಗುತ್ತೆ? ನಾನು ಕಂಡುಹಿಡೀತೀನಿ, ನೋಡ್ತಿರು" ಎಂದೆ. ಯೂನಿಕೆ ನನ್ನ ಮುಖವನ್ನೇ ನೋಡುತ್ತಿದ್ದಳು. "ಇದರ ಜೊತೆ ಒಂದು ಆಡಿಯೊನೂ ಓಡಾಡ್ತಿದೆ ಮಿಸ್. ಕೇಳ್ತೀರಾ?" ಎಂದಳು.

"ಆ ಹೊಲಸನ್ನ ನನ್ನ ಕಿವಿಗೆ ಹಾಕ್ಬೇಡ ಮಾರಾಯ್ತಿ" ಎಂದು ಫೋನನ್ನು ಅವಳ ಕಡೆಗೆ ನೂಕಿದೆ.

ಅವಳು ಇನ್ನೂ ಸ್ವಲ್ಪ ಹೊತ್ತು ಕೂತಿದ್ದಳು. ಕಾಫಿ ಕೊಟ್ಟೆ, ಕುಡಿಯಲಿಲ್ಲ. ನಾನು ಒಬ್ಬೊಬ್ಬರ ಹೆಸರನ್ನೂ ಎತ್ತಿ, ಇವಳಿರಬಹುದು, ಅವಳಿರಬಹುದು ಎಂದು ಎಣಿಸುತ್ತಲೇ ಇದ್ದೆ. ಅವಳು ಎದ್ದು ಹೋದದ್ದು ಯಾವ ಹೆಸರಿಗೆಂದು ನೆನಪಿಲ್ಲ.

ಆ ದಿನದಿಂದ ನನ್ನ ಕಣ್ಣಿಗೆ ಸಭೆಯಲ್ಲಿ ಒಬ್ಬರೂ ನೆಟ್ಟಗೆ ಕಾಣಲಿಲ್ಲ. ತರಕಾರಿ ಅಂಗಡಿಯಲ್ಲಿ ಇಬ್ಬರು ಸಹೋದರಿಯರು ತಲೆ ತಾಗಿಸಿ ಮೊಬೈಲು ನೋಡುತ್ತಿದ್ದರೆ ಬೀನ್ಸ್ ಆರಿಸುವ ನೆವದಲ್ಲಿ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಯಾರಾದರೂ "ಯೂನಿಕೆ ಹೇಗಿದ್ದಾಳೆ ಮಿಸ್?" ಎಂದು ಕೇಳಿದರೆ, ಓಹೋ, ಇವಳಿಗೇಕೆ ಇಷ್ಟು ಕಾಳಜಿ ಎಂದುಕೊಳ್ಳುತ್ತಿದ್ದೆ. ಕೇಳದಿದ್ದರೆ, ನೋಡಿದಿರಾ, ಕಳ್ಳಿ ಬಾಯೇ ಬಿಡುತ್ತಿಲ್ಲ ಎಂದುಕೊಳ್ಳುತ್ತಿದ್ದೆ. ಅಯ್ಯನವರು ಪೊಲೀಸರಿಗೆ ದೂರು ಕೊಡಿಸುತ್ತೇನೆ ಎಂದಾಗ, ಇವರಿಗೇಕೆ ಇಷ್ಟು ನಿಧಾನ ಎಂದು ಅವರ ಮೇಲೂ ಒಂದು ಗಳಿಗೆ ಅನುಮಾನಪಟ್ಟೆ. ಇಷ್ಟು ವರ್ಷ ಪರೀಕ್ಷೆಯ ಕೊಠಡಿಯಲ್ಲಿ ಕಾಪಿ ಹಿಡಿದ ಕಣ್ಣು ಇದು, ನನ್ನಿಂದ ಯಾರು ತಪ್ಪಿಸಿಕೊಳ್ಳುತ್ತಾರೆ ಎಂಬ ಗತ್ತು ಬೇರೆ.

ಎಲ್ಲರನ್ನೂ ಜರಡಿ ಹಿಡಿದ ಮೇಲೆ ಉಳಿದದ್ದು ಸಲೋಮಿ. ನಮ್ಮದೇ ಬೆಂಚಿನಲ್ಲಿ, ನನ್ನ ಎಡಗಡೆ ಕೂರುವವಳು. ಕಾರಣಗಳು ಬೇಕಾದಷ್ಟಿದ್ದವು. ಅವಳ ಮಗಳಿಗೆ ಮೊದಲು ಇದೇ ಆಮೋಸನನ್ನು ಕೇಳಿ ಆಗಿರಲಿಲ್ಲ. ಆಮೋಸನ ತಾಯಿಯ ಪರಿಚಯವೂ ಅವಳಿಗಿತ್ತು. ಮೊಬೈಲು ಅವಳ ಕೈಬಿಟ್ಟು ಇಳಿಯುತ್ತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಮಂಗಳವಾರದಿಂದ ಅವಳು ನನ್ನ ಕಣ್ಣು ತಪ್ಪಿಸುತ್ತಿದ್ದಳು. ದೂರದಿಂದ ನಾನು ಕಂಡರೆ ಸಾಕು, ಏನೋ ಮರೆತವಳ ಹಾಗೆ ಹಿಂತಿರುಗಿ ಬಿಡುತ್ತಿದ್ದಳು. ತಪ್ಪು ಮಾಡಿದ ಹುಡುಗಿಯರು ಹಾಗೆಯೇ ಮಾಡುತ್ತಾರೆ, ನನಗೆ ಗೊತ್ತಿಲ್ಲವೇ?

ಗುರುವಾರ ಅವಳನ್ನು ಹಾಲಿನ ಬೂತಿನ ಹತ್ತಿರ ಅಡ್ಡಗಟ್ಟಿ ಬಲೆ ಬೀಸಿದೆ. ದನಿ ತಗ್ಗಿಸಿ, "ನಿನಗೆ ಮಾತ್ರ ಹೇಳ್ತಿದೀನಿ ಸಲೋಮಿ. ಮದುವೆ ನಮ್ಮ ಚರ್ಚಲ್ಲಿ ಇಲ್ವಂತೆ. ಆಮೋಸ್ ಊರಲ್ಲೇ ಯಾರಿಗೂ ಹೇಳ್ದೆ ಸದ್ದಿಲ್ದೆ ಮುಗಿಸಿಬಿಡ್ತಾರಂತೆ" ಎಂದೆ. ಅಪ್ಪಟ ಸುಳ್ಳು. ಇದೇ ಮಾತು ಆ ದೀಪದ ಚಿತ್ರದ ಕೆಳಗೆ ಬಂದರೆ ಕಳ್ಳಿ ಸಿಕ್ಕಿಬಿದ್ದ ಹಾಗೆ.

ಸಲೋಮಿ ಗಾಬರಿಯಿಂದ ನನ್ನನ್ನು ನೋಡಿದಳು. "ಹಾಗೆ ಮಾಡ್ಬಾರ್ದು ಮಿಸ್! ಬಾಯಿಗೆ ಬಂದ ಹಾಗೆ ಮಾತಾಡೋರಿಗೆ ಇನ್ನೂ ಅನುಕೂಲ ಆಗುತ್ತೆ" ಎಂದಳು. ಆಹಾ, ಏನು ನಾಟಕ ಎಂದುಕೊಂಡೆ.

ಶುಕ್ರವಾರ, ಶನಿವಾರ ಎರಡೂ ದಿನ ಎದುರು ಮನೆಯ ಹುಡುಗಿಗೆ ಹೇಳಿ ಪೇಜನ್ನು ನೋಡಿಸಿದೆ. ನನ್ನ ಸುಳ್ಳು ಅಲ್ಲಿ ಬರಲೇ ಇಲ್ಲ. ನೆಟ್ಟಗಿನ ಬುದ್ಧಿಯವರಾದರೆ ಸಲೋಮಿ ಅಲ್ಲ ಎಂದುಕೊಳ್ಳುತ್ತಿದ್ದರು. ನಾನು ಎಂದುಕೊಂಡದ್ದು, ಎಂಥ ಖದೀಮಳು, ಬಲೆಯ ವಾಸನೆಯೇ ಹಿಡಿದುಬಿಟ್ಟಳಲ್ಲ ಎಂದು.

ಎರಡನೆಯ ಭಾನುವಾರ ಅಯ್ಯನವರು ಎರಡನೆಯ ಪ್ರಕಟಣೆ ಓದಿದರು. ಅಡ್ಡಿ ಬಲ್ಲವರು ತಿಳಿಸಬೇಕು ಎಂದು ಈ ಸಲ ಹೆಚ್ಚು ಹೊತ್ತು ತಡೆದರು. ಒಬ್ಬರೂ ಕೆಮ್ಮಲೂ ಇಲ್ಲ. ಮೊಬೈಲಿನಲ್ಲಿ ಇಷ್ಟುದ್ದ ಬರೆದವರೆಲ್ಲ ಅಲ್ಲೇ ಎಲ್ಲೋ ಪುಸ್ತಕ ಹಿಡಿದು ಕೂತಿದ್ದರು. ಅಂದಿನ ಉಪದೇಶವೂ ನಾಲಗೆಯ ವಿಷಯವೇ ಆಗಿತ್ತು. ಮನೆಗೆ ಚಿಲಕ ಹಾಕುವವರು ಬಾಯಿಗೇಕೆ ಹಾಕುವುದಿಲ್ಲ ಎಂದು ಅಯ್ಯನವರು ಕೇಳಿದರು. ಬೆರಳ ತುದಿಯಲ್ಲಿ ಆಡಿದ್ದೂ ಮಾತೇ, ಲೆಕ್ಕ ಒಪ್ಪಿಸುವ ದಿನ ಅದನ್ನೂ ಕೇಳಲಾಗುತ್ತದೆ ಎಂದರು. ನಾನು ಒಂದೊಂದು ಮಾತಿಗೂ ತಲೆಯಾಡಿಸುತ್ತಾ, ಓರೆಗಣ್ಣಿನಲ್ಲಿ ಸಲೋಮಿಯನ್ನೇ ನೋಡುತ್ತಿದ್ದೆ. ಅವಳ ಕಣ್ಣು ತುಂಬಿತ್ತು. ಚುಚ್ಚಿತು ನೋಡು ಎಂದುಕೊಂಡೆ.

ಆಮೇಲೆ ಸಮಾಧಾನ ಬಂತು. ನನ್ನ ಬಲಗಡೆ ಕೂತಿದ್ದ ತಬಿಥಮ್ಮ, ಐವತ್ತು ವರ್ಷದಿಂದ ನನ್ನ ಗೆಳತಿ, ಕೈ ಹಿಡಿದು ಕೊಟ್ಟಳು. ನಾನು ಎಡಕ್ಕೆ ತಿರುಗಬೇಕಿತ್ತು. ಸಲೋಮಿ ಆಗಲೇ ಬಲ ಅಂಗೈ ಚಾಚಿದ್ದಳು. ಆ ಕೈಯನ್ನು ನೋಡಿದೆ. ಹೆಬ್ಬೆರಳಿನ ಉಗುರು ನೋಡಿದೆ. ಇದೇ ಬೆರಳಲ್ಲವೇ ಒತ್ತಿದ್ದು ಎನ್ನಿಸಿತು. ಎರಡೂ ಕೈಯನ್ನು ಸೆರಗಿನೊಳಗೆ ಸೇರಿಸಿ ನೆಟ್ಟಗೆ ಮುಂದೆ ನೋಡುತ್ತಾ ಕೂತುಬಿಟ್ಟೆ.

ನಮ್ಮ ಹಿಂದಿನ ಬೆಂಚುಗಳು ಕಾಯುತ್ತಿದ್ದವು. ಸಮಾಧಾನ ನನ್ನಲ್ಲೇ ನಿಂತುಹೋಗಿತ್ತು. ಹಾಡು ಮುಗಿಯಿತು; ಯೂನಿಕೆ ಏನೆಂದು ತಿಳಿಯದೆ ಪಲ್ಲವಿಯನ್ನು ಮತ್ತೆ ನುಡಿಸಿದಳು, ಮತ್ತೆ ನುಡಿಸಿದಳು. ಕೊನೆಗೆ ತಬಿಥಮ್ಮನೇ ನನ್ನ ಮುಂದೆ ಬಗ್ಗಿ, ತೋಳು ಚಾಚಿ ಸಲೋಮಿಗೆ ಕೊಟ್ಟಳು. ಸಲೋಮಿ ಪಡೆದದ್ದನ್ನು ಹಿಂದಿನವರಿಗೆ ಕೊಟ್ಟು ತಲೆ ತಗ್ಗಿಸಿ ಕೂತಳು.

ಮುಂದಿನ ಶುಕ್ರವಾರ ಮಧ್ಯಾಹ್ನ ದಯಾವತಿ ಏದುಸಿರು ಬಿಡುತ್ತಾ ಬಂದಳು. "ಎಲ್ಲಾ ಮುಗೀತು ಮಿಸ್" ಎಂದು ಬಾಗಿಲಲ್ಲೇ ಕುಸಿದು ಕೂತಳು. ಆಮೋಸನ ತಾಯಿ ಫೋನಿನಲ್ಲಿ ಬಾಯಿಗೆ ಬಂದಂತೆ ಬೈದಿದ್ದರು. ಇಷ್ಟು ದಿನ ಹೇಗೋ ತಡೆದುಕೊಂಡಿದ್ದೆವು, ಈಗ ನಿಮ್ಮ ಕಡೆಯವರೇ ಮದುವೆಯನ್ನು ಸದ್ದಿಲ್ಲದೆ ಮುಗಿಸಬೇಕು ಎನ್ನುತ್ತಿದ್ದಾರಂತೆ, ಬಚ್ಚಿಡುವುದೇನೂ ಇಲ್ಲದಿದ್ದರೆ ಹೀಗೇಕೆ ಮಾಡುತ್ತೀರಿ ಎಂದು ಕೇಳಿದ್ದರು. ಮೂರನೆಯ ಪ್ರಕಟಣೆ ಓದಿಸಬೇಡಿ ಎಂದು ಅಯ್ಯನವರಿಗೂ ಹೇಳಿಬಿಟ್ಟಿದ್ದರು.

"ನಾವು ಹಾಗೆ ಯಾರ ಹತ್ರ ಅಂದ್ವಿ ಮಿಸ್? ಎಲ್ಲಿಂದ ಹುಟ್ತು ಈ ಮಾತು?" ಎಂದು ದಯಾವತಿ ಎದೆ ಬಡಿದುಕೊಂಡಳು.

ಆ ಮಾತು ಎಲ್ಲಿ ಹುಟ್ಟಿತೆಂದು ಬಲ್ಲವಳು ಅವಳ ಎದುರಿಗೇ ನಿಂತಿದ್ದೆ. ಆಗಲೂ ನಾನು ಹೇಳಲಿಲ್ಲ. ನೀರು ಕೊಟ್ಟೆ, ಬೆನ್ನು ಸವರಿದೆ, ಆಟೋ ಹತ್ತಿಸಿ ಕಳಿಸಿದೆ. ಸಿಟ್ಟೆಲ್ಲ ಸಲೋಮಿಯ ಮೇಲೆ. ಪೇಜಿನಲ್ಲಿ ಬರೆಯದೆ ನೇರವಾಗಿ ಆ ಹೆಂಗಸಿನ ಕಿವಿಗೇ ಊದಿದಳಲ್ಲ!

ಶನಿವಾರ ಬೆಳಿಗ್ಗೆ ಅವಳ ಮನೆಗೆ ಹೋಗಿ ಜಗಳ ತೆಗೆಯಬೇಕೆಂದು ಸೀರೆ ಉಡುತ್ತಿದ್ದೆ. ಅಷ್ಟರಲ್ಲಿ ಅವಳೇ ಬಂದಳು. ಕೂರು ಎನ್ನಲಿಲ್ಲ. ಅವಳು ನಿಂತೇ ಮಾತಾಡಿದಳು.

"ಆಮೋಸ್ ಅಮ್ಮಂಗೆ ಫೋನ್ ಮಾಡಿದ್ದು ನಾನೇ ಮಿಸ್. ಸದ್ದಿಲ್ದೆ ಮಾಡ್ಬೇಡಿ, ಹುಡುಗಿ ಸಭೆಲೇ ಎಲ್ಲರ ಮುಂದೆ ಮಾಡಿ, ಅವಳು ಚಿನ್ನದಂಥ ಹುಡುಗಿ ಅಂತ ಕೇಳ್ಕೊಂಡೆ. ಅವರಿಗೆ ಅದು ಹೀಗೆ ಅರ್ಥ ಆಗುತ್ತೆ ಅಂತ ಗೊತ್ತಿರಲಿಲ್ಲ. ದಯಕ್ಕನ ಕಾಲು ಹಿಡ್ಕೊಂಡು ಬಂದೆ ಈಗ."

"ಬಂದೆಯಾ? ಮಾಡೋದೆಲ್ಲ ಮಾಡಿ ಕಾಲು ಬೇರೆ ಹಿಡೀತೀಯ? ಆ ದೀಪದ ಚಿತ್ರ ಹಾಕೊಂಡು ಬರೆದದ್ದನ್ನೂ ಹೇಳಿ ಬಂದ್ಯಾ?" ಎಂದು ಕೂಗಿದೆ.

ಸಲೋಮಿ ಬೆಪ್ಪಾಗಿ ನನ್ನನ್ನು ನೋಡಿದಳು. "ಅದಕ್ಕಾ ನೀವು ಅವತ್ತು ಕೈ ಕೊಡದೇ ಇದ್ದದ್ದು?" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಆಮೇಲೆ ತಾನೇ ಕುರ್ಚಿ ಎಳೆದು, ನನ್ನನ್ನು ಕೂರಿಸಿದಳು. ಮೊಬೈಲು ತೆಗೆದಳು. "ಇದನ್ನ ನಿಮಗೆ ಕೇಳಿಸಬಾರದು ಅಂತಿದ್ದೆ. ಈಗ ಕೇಳಲೇಬೇಕು. ಹದಿನೇಳು ಸೆಕೆಂಡು ಅಷ್ಟೇ."

ಮೊದಲು ಗಡಿಯಾರದ ಟಿಕ್ ಟಿಕ್ ಕೇಳಿಸಿತು, ಯಾರೋ ಮೂಗು ಒರೆಸಿಕೊಂಡ ಸದ್ದು. ಆಮೇಲೆ ಒಂದು ಹೆಣ್ಣಿನ ದನಿ. ಸ್ಪಷ್ಟವಾದ ದನಿ, ತಡವರಿಸದ ಕನ್ನಡ.

'ಕರ್ತನೇ, ನಮ್ಮ ಯೂನಿಕೆ ಅತ್ತೆಯ ಊರಿನಲ್ಲಿ ಕಳೆದ ಆ ಒಂದು ವರ್ಷವನ್ನು ನೀನು ಬಲ್ಲೆ. ಯಾರಿಗೂ ಹೇಳಲಾಗದ ಆ ಗಾಯವನ್ನು ಬಲ್ಲೆ. ಗಂಡಿನ ಮನೆಯವರಿಗೆ ಅದು ತಿಳಿದರೂ ಅವರ ಮನಸ್ಸು ಮುರಿಯದ ಹಾಗೆ ಕಾಯಿ.'

ಅಷ್ಟಕ್ಕೆ ನಿಂತಿತು. ಯಾರ ದನಿ ಎಂದು ಸಲೋಮಿ ಹೇಳಬೇಕಾಗಿರಲಿಲ್ಲ.

ಮೊದಲ ಪ್ರಕಟಣೆಗೆ ಎರಡು ದಿನ ಮುಂಚೆ, ಶುಕ್ರವಾರ, ತಬಿಥಮ್ಮನ ಮನೆಯಲ್ಲಿ ಸ್ತ್ರೀಯರ ಕೂಟವಿತ್ತು. ಎಂಟು ಜನ. ಎಂದಿನಂತೆ ಕೊನೆಯ ಪ್ರಾರ್ಥನೆ ನನ್ನದು. ನಿಜ ಹೇಳಿಬಿಡುತ್ತೇನೆ, ಇನ್ನು ಮುಚ್ಚಿಡುವುದೇನಿದೆ: ನನ್ನ ಪ್ರಾರ್ಥನೆಯ ಮೇಲೆ ನನಗೆ ಬಹಳ ಹೆಮ್ಮೆಯಿತ್ತು. ನಾನು ಪ್ರಾರ್ಥಿಸಿದರೆ ಹೆಂಗಸರು ಮೂಗು ಸೆಳೆಯುವುದು ಕೇಳಿಸುತ್ತಿತ್ತು, ಆ ಸದ್ದು ಬಂದರೆ ಇನ್ನೊಂದೆರಡು ಮಾತು ಸೇರಿಸುತ್ತಿದ್ದೆ. ದಯಾವತಿ ನಂಬಿ ಹೇಳಿದ್ದನ್ನು ದೇವರಿಗೆ ತಾನೇ ಹೇಳುತ್ತಿದ್ದೇನೆ ಎಂದುಕೊಂಡಿದ್ದೆ. ಅದು ಚಾಡಿ ಎಂದು ಒಂದು ಕ್ಷಣವೂ ಅನ್ನಿಸಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದೆನಲ್ಲ! ಸುತ್ತ ಏಳು ಜನ ಕಿವಿ ತೆರೆದುಕೊಂಡು ಕೂತಿದ್ದಾರೆ ಎಂಬುದೇ ಮರೆತಿತ್ತು. ಸುಳ್ಳು ಒಂದಕ್ಷರವಿರಲಿಲ್ಲ. ಆದರೆ ಅರ್ಧ ಹೇಳಿ ಅರ್ಧ ಬಿಟ್ಟಿದ್ದೆ, ಬಿಟ್ಟ ಜಾಗವನ್ನು ಊರು ತನಗೆ ಬೇಕಾದದ್ದರಿಂದ ತುಂಬಿಕೊಂಡಿತು.

ತಬಿಥಮ್ಮನ ನಾದಿನಿ ಹಾಸಿಗೆ ಹಿಡಿದು ಬೇರೆ ಊರಿನಲ್ಲಿದ್ದಳು. ಕೂಟಕ್ಕೆ ಬರಲಾಗದ ಅವಳಿಗೆಂದು ತಬಿಥಮ್ಮ ಪ್ರತಿ ಶುಕ್ರವಾರ ಪ್ರಾರ್ಥನೆಯನ್ನು ಮೊಬೈಲಿನಲ್ಲಿ ಹಿಡಿದು ಕಳಿಸುತ್ತಿದ್ದಳು. ನನಗೂ ಅದು ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ನಾದಿನಿ 'ಎಷ್ಟು ಚೆಂದ ಪ್ರಾರ್ಥಿಸಿದ್ದಾರೆ' ಎಂದು ಮನೆಯವರಿಗೆಲ್ಲ ಕಳಿಸಿದಳು. ಅಲ್ಲಿಂದ ಯಾರಿಗೆ ಹೋಯಿತೋ, ಯಾರು ಹದಿನೇಳು ಸೆಕೆಂಡು ಕತ್ತರಿಸಿದರೋ ದೇವರೇ ಬಲ್ಲ.

"ಮಂಗಳವಾರವೇ ನಂಗೆ ಬಂತು ಮಿಸ್. ಬಂದೋರಿಗೆಲ್ಲ ಫೋನ್ ಮಾಡಿ, ಅಳಿಸಿ ಅಳಿಸಿ ಅಂತ ಬೇಡ್ಕೊಂಡೆ. ಅರವತ್ತು ಜನಕ್ಕಾದ್ರೂ ಮಾಡಿರ್ತೀನಿ. ನಿಮಗೆ ಹೇಳೋಕೆ ಬಾಯಿ ಬರಲಿಲ್ಲ. ನೀವು ಎದುರಿಗೆ ಬಂದ್ರೆ ಮುಖದಲ್ಲೇ ಗೊತ್ತಾಗಿಬಿಡುತ್ತೆ ಅಂತ ತಪ್ಪಿಸ್ಕೊಂಡು ಓಡಾಡ್ದೆ" ಎಂದಳು ಸಲೋಮಿ.

ನನ್ನ ಮರ್ಯಾದೆ ಉಳಿಸಲು ಹನ್ನೊಂದು ದಿನ ಬಾಯಿ ಕಟ್ಟಿಕೊಂಡಿದ್ದವಳು ಅವಳು. ಎಲ್ಲವನ್ನೂ ತಿಳಿದೇ ಆ ಭಾನುವಾರ ನನಗೆ ಕೈ ಚಾಚಿದ್ದಳು. ನಾನು ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತೆ.

ಯೂನಿಕೆಯ ಮನೆಗೆ ನಡೆದೇ ಹೋದೆ. ದಯಾವತಿ ಮಲಗಿದ್ದಳು. ಯೂನಿಕೆ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದಳು, ಮೊಬೈಲನ್ನು ಅಕ್ಕಿ ಡಬ್ಬದ ಮೇಲೆ ಬೋರಲು ಹಾಕಿದ್ದಳು. ನೆಲದ ಮೇಲೆ ಅವಳೆದುರು ಕೂತೆ. ಪ್ರಾರ್ಥನೆಯ ವಿಷಯ ಹೇಳಿದೆ, ಹಾಲಿನ ಬೂತಿನ ಸುಳ್ಳನ್ನೂ ಹೇಳಿದೆ. ಅವಳ ಕೈ ನಿಲ್ಲಲಿಲ್ಲ.

"ಸುಳ್ಳು ಹೇಳಿದ್ದು ಗೊತ್ತಿರಲಿಲ್ಲ. ಪ್ರಾರ್ಥನೆ ಮೊದಲನೇ ದಿನವೇ ಗೊತ್ತಾಯ್ತು ಮಿಸ್. ಐದನೇ ಕ್ಲಾಸಿಂದ ಕೇಳಿರೋ ದನಿ, ಗೊತ್ತಾಗಲ್ವಾ?" ಎಂದಳು.

"ಗೊತ್ತಿದ್ದೂ ನನ್ನ ಮನೆಗೆ ಬಂದ್ಯಾ?"

"ಅದಕ್ಕೇ ಬಂದೆ. ನೀವಾಗೇ ಹೇಳ್ತೀರಿ ಅಂತ ಕಾದೆ. ಆಡಿಯೊ ಕೇಳ್ತೀರಾ ಅಂದೆ, ಬೇಡ ಅಂದ್ರಿ. ಹೇಳೋಕೆ ನಂಗೆ ಧೈರ್ಯ ಬರಲಿಲ್ಲ. ಒಂದು ಸಲ ನೀವು ಎದ್ದು ನಿಂತು, ಅವಳಿಗೆ ಹುಷಾರಿರಲಿಲ್ಲ ಅಷ್ಟೇ ಅಂತ ಹೇಳಿದ್ರೆ ಸಾಕಿತ್ತು. ನಿಮ್ಮ ಮಾತು ಎಲ್ಲರೂ ನಂಬ್ತಾರೆ. ನೀವು ಅವರಿವರ ಹೆಸರು ಹೇಳ್ತಾ ಕೂತ್ರಿ."

ಶಾಲೆಯಲ್ಲಿ ಎಷ್ಟೋ ಮಕ್ಕಳನ್ನು ನಿಲ್ಲಿಸಿ ತಪ್ಪೊಪ್ಪಿಸಿದವಳು ನಾನು. ಆ ಅಡುಗೆಮನೆಯಲ್ಲಿ ನನಗೆ ತಲೆ ಎತ್ತಲಾಗಲಿಲ್ಲ. ಕ್ಷಮಿಸು ಎಂದೆ. "ಕ್ಷಮಿಸಿದೀನಿ ಮಿಸ್" ಎಂದಳು, ಬಾಗಿಲಿಗೆ ಬಂದವರನ್ನು ಬೇಗ ಕಳಿಸುವ ಹಾಗೆ.

ಮೂರನೆಯ ಭಾನುವಾರ ಅಯ್ಯನವರು ಪ್ರಕಟಣೆಗಳನ್ನು ಓದಿದರು. ಬುಧವಾರದ ಉಪವಾಸ ಕೂಟ, ಸಂಡೇ ಸ್ಕೂಲಿನ ಪರೀಕ್ಷೆ. ಅಲ್ಲಿಗೆ ಹಾಳೆ ಮಡಚಿ ಜೇಬಿಗಿಟ್ಟುಕೊಂಡರು. 'ಮೂರನೆಯದು ಓದಲಿಲ್ಲ' ಎಂಬ ಗುಸುಗುಸು ಬೆಂಚಿನಿಂದ ಬೆಂಚಿಗೆ ಹೋಯಿತು. ನಾನು ಎದ್ದು ನಿಂತೆ.

"ಅಯ್ಯನವರೇ, ಅಪ್ಪಣೆ ಕೊಟ್ಟರೆ ಒಂದು ಮಾತು. ಎರಡು ವಾರ ನೀವು ಈ ಮದುವೆಗೆ ಅಡ್ಡಿ ಇದ್ದರೆ ತಿಳಿಸಿ ಅಂದ್ರಿ. ಎರಡು ವಾರವೂ ನಾನು ಬಾಯಿ ಮುಚ್ಕೊಂಡು ಕೂತಿದ್ದೆ. ಅಡ್ಡಿ ನಾನೇ."

ಇನ್ನೂರು ಮುಖಗಳು ನನ್ನ ಕಡೆ ತಿರುಗಿದವು. ಎಲ್ಲವನ್ನೂ ಹೇಳಿದೆ. ಹುಡುಗಿ ಅಪ್ಪನನ್ನು ಕಳೆದುಕೊಂಡು ಕಾಯಿಲೆ ಬಿದ್ದಿದ್ದಳು, ಚೇತರಿಸಿಕೊಂಡಳು, ಅದರಲ್ಲಿ ನಾಚಿಕೆಯದು ಏನೂ ಇಲ್ಲ ಎಂದೆ. ಇಷ್ಟನ್ನು ಹೇಳಲು ಬೆಳಿಗ್ಗೆ ಅವಳ ಅಪ್ಪಣೆ ಪಡೆದಿದ್ದೆ, ಆ ಒಂದು ಬುದ್ಧಿ ಅಷ್ಟು ಹೊತ್ತಿಗೆ ಬಂದಿತ್ತು. ಹದಿನೇಳು ಸೆಕೆಂಡಿನ ದನಿ ನನ್ನದು ಎಂದೆ. ಸಲೋಮಿಯ ಮೇಲೆ ಅನುಮಾನಪಟ್ಟು, ಅವಳಿಗೆ ಸುಳ್ಳು ಹೇಳಿ, ಅವಳ ಕೈಗೆ ಸಮಾಧಾನ ಕೊಡದೆ ಕೂತದ್ದನ್ನೂ ಹೇಳಿದೆ. ನಡುವೆ ನೋಡಿದರೆ ಹಿಂದಿನ ಬೆಂಚಿನಲ್ಲಿ ಯಾರೋ ಮೊಬೈಲು ಎತ್ತಿ ಹಿಡಿದಿದ್ದರು. ಪಕ್ಕದವರು ಅದನ್ನು ತಗ್ಗಿಸಲು ಹೋದರು.

"ಬಿಡಿ, ಹಿಡೀಲಿ. ಸರಿಯಾಗಿ ಹಿಡೀರಪ್ಪ. ಅದು ಹೋದ ಕಡೆಗೆಲ್ಲ ಇದೂ ಹೋಗಲಿ" ಎಂದೆ.

ಹೋಗಲಿಲ್ಲ. ಇಡೀ ಊರಿಗೆ ಹಬ್ಬಲು ಆ ಪ್ರಾರ್ಥನೆಗೆ ನಾಲ್ಕು ದಿನ ಸಾಕಾಗಿತ್ತು. ನನ್ನ ತಪ್ಪೊಪ್ಪಿಗೆ ನಮ್ಮ ಸಭೆಯ ಗೇಟು ದಾಟಲಿಲ್ಲ. ಪೊಲೀಸರಿಗೆ ದೂರು ಕೊಟ್ಟ ಮೇಲೆ ದೀಪದ ಚಿತ್ರ ಮಾಯವಾಯಿತು. ಅದನ್ನು ಹಚ್ಚಿದವರು ಯಾರೆಂದು ಕೊನೆಗೂ ತಿಳಿಯಲಿಲ್ಲ. ತಿಳಿಯಬೇಕೆಂಬ ಹಟವೂ ನನ್ನಲ್ಲಿ ಉಳಿದಿರಲಿಲ್ಲ. ಆಮೋಸ್ ಎರಡು ಸಲ ಬಂದು ಯೂನಿಕೆಯ ಜೊತೆ ಮಾತಾಡಿ ಹೋದ. ಮೂರನೆಯ ಸಲ ಬರಲಿಲ್ಲ. ಮೂರನೆಯ ಪ್ರಕಟಣೆಯನ್ನು ಯಾರೂ ಓದಲಿಲ್ಲ. ಮುಂದಿನ ವರ್ಷ ಅವನ ಮದುವೆ ಬೇರೆ ಕಡೆ ಆಯಿತು. ಅದರ ಸುದ್ದಿ ಕೇಳಿದ ದಿನ ನಾನು ಒಲೆ ಹಚ್ಚಲಿಲ್ಲ.

ಸ್ತ್ರೀಯರ ಕೂಟದಲ್ಲಿ ಈಗ ಒಂದು ಕಟ್ಟಳೆ ಇದೆ, ತಬಿಥಮ್ಮ ತಂದದ್ದು. ಯಾರಿಗಾಗಿ ಪ್ರಾರ್ಥಿಸಬೇಕೋ ಅವರ ಹೆಸರು ಮಾತ್ರ ಹೇಳಬೇಕು. ಉಳಿದದ್ದು ಆತನಿಗೆ ಗೊತ್ತು. ಹೆಸರು ಹೇಳಿ ಸುಮ್ಮನೆ ಕೂರುವುದು ನನ್ನಂಥವಳಿಗೆ ಎಷ್ಟು ಕಷ್ಟವಾಯಿತೆಂದರೆ, ಮೊದಮೊದಲು ತುಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಿದ್ದೆ.

ಯೂನಿಕೆ ಆರ್ಗನ್ ಬಿಡಲಿಲ್ಲ. ಆದರೆ ಅವಳಿಗೆ ಸಮಾಧಾನ ಕೊಡಲು ಎದ್ದು ಹೋಗುವ ಕೆಲಸವನ್ನು ನಾನೇ ಸಲೋಮಿಗೆ ಬಿಟ್ಟುಕೊಟ್ಟೆ. ಮೂರು ವರ್ಷ ಹಾಗೆಯೇ ನಡೆಯಿತು. ದಾರಿಯಲ್ಲಿ ಸಿಕ್ಕರೆ ಯೂನಿಕೆ "ಚೆನ್ನಾಗಿದೀರಾ ಮಿಸ್?" ಎನ್ನುತ್ತಿದ್ದಳು, ನಾನು "ಚೆನ್ನಾಗಿದೀನಮ್ಮ" ಎನ್ನುತ್ತಿದ್ದೆ. ಅದರಾಚೆ ಒಂದು ಮಾತಿಲ್ಲ.

ದೂರದ ಊರಿನ ಶಾಲೆಯೊಂದರಲ್ಲಿ ಅವಳಿಗೆ ಸಂಗೀತದ ಟೀಚರ್ ಕೆಲಸ ಸಿಕ್ಕಿತು. ಹೊರಡುವ ಮುಂಚಿನ ಭಾನುವಾರವೂ ಅವಳೇ ನುಡಿಸಿದಳು. ಸಮಾಧಾನ ಬೆಂಚುಗಳನ್ನು ದಾಟಿ ಹೋಯಿತು, ಹಾಡು ಮುಗಿಯಿತು, ಸಲೋಮಿ ಎಂದಿನಂತೆ ಎದ್ದು ಹೋಗಿ ಅವಳಿಗೆ ಕೊಟ್ಟು ಬಂದು ಕೂತಳು. ಆಮೇಲೆ ಆರ್ಗನ್ನಿನ ಸ್ಟೂಲು ಸರಿದ ಸದ್ದು ಕೇಳಿಸಿತು. ಯೂನಿಕೆ ಎದ್ದು ನಿಂತಿದ್ದಳು. ಆರ್ಗನ್ ನುಡಿಸುವವರು ಹಾಗೆ ಕೆಳಗಿಳಿದು ಬರುವ ವಾಡಿಕೆಯೇ ಇಲ್ಲ. ನೇರವಾಗಿ ಮೂರನೆಯ ಬೆಂಚಿಗೆ ಬಂದು ನನ್ನ ಮುಂದೆ ನಿಂತಳು, ಬಲ ಅಂಗೈ ಚಾಚಿದಳು.

ನನ್ನ ಕೈ ಮಡಿಲಿನಲ್ಲೇ ಇತ್ತು. ಅವಳೇ ಹಿಡಿದುಕೊಂಡು ಎಡಗೈ ಮುಚ್ಚಿದಳು. "ದೇವರ ಸಮಾಧಾನ ನಿಮಗಿರಲಿ ಮಿಸ್" ಎಂದಳು. ಹೇಳಬೇಕಾದದ್ದು ನನ್ನಲ್ಲಿ ಬೇಕಾದಷ್ಟಿತ್ತು, ಮೂರು ವರ್ಷದಿಂದ ಜೋಡಿಸಿಟ್ಟುಕೊಂಡಿದ್ದೆ. ಒಂದನ್ನೂ ಆಡಲಿಲ್ಲ. ಅವಳು ಕೈ ಬಿಟ್ಟು ಆರ್ಗನ್ನಿಗೆ ಹಿಂತಿರುಗಿದಳು. ಎಡಗಡೆ ಸಲೋಮಿ, ಆಗಲೇ ಒಮ್ಮೆ ಪಡೆದವಳು, ಮತ್ತೆ ಅಂಗೈ ಚಾಚಿ ಕಾಯುತ್ತಿದ್ದಳು. ಯೂನಿಕೆಯ ಕೈಯ ಬಿಸುಪು ಆರುವ ಮುಂಚೆ ಅದನ್ನು ಅವಳಿಗೆ ಕೊಟ್ಟೆ.